ನಾಲ್ಕನೆಯ ತುದಿ ಯಾವ ಮಗ್ಗುಲಿಗೆ?

ಹರಿಹರ ತಾಲ್ಲೂಕಿನ ಕೊಂಡಜ್ಜಿ ಎಂದರೆ ನಮ್ಮ ಕಡೆಯವರಿಗೆ ನೆನಪಾಗುವುದು ಎರಡೇ: ಕೆರೆ, ಸ್ಕೌಟ್ ಕ್ಯಾಂಪು. ಕೆರೆಯ ಬಗ್ಗೆ ಬೇಕಾದಷ್ಟು ಬರೆದಾಗಿದೆ. ನನಗೆ ಹುಚ್ಚು ಹಿಡಿಸಿದ್ದು ಸ್ಕೌಟರು ಪಯೊನಿಯರಿಂಗ್ ಎನ್ನುವ ವಿದ್ಯೆ, ಅದರಲ್ಲೂ ಮೇಜಿನ ಮೇಲೆ ನಿಲ್ಲುವಷ್ಟು ಪುಟ್ಟದೊಂದು ಟ್ರೆಸಲ್, ಅಂದರೆ ಸೇತುವೆ ಹೊರುವ ಚೌಕಟ್ಟು.

ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಹುಟ್ಟಿದ್ದು 1950ರ ನವೆಂಬರ್ 7ರಂದು. ಈ ಊರಿಗೆ ಸ್ಕೌಟ್ ನಂಟು ಬಂದದ್ದು ಕೊಂಡಜ್ಜಿ ಬಸಪ್ಪನವರಿಂದ. 1977ರಲ್ಲಿ ದಾವಣಗೆರೆಯಿಂದ ಲೋಕಸಭೆಗೆ ಹೋದವರು. ಬೆಂಗಳೂರಿನ ಸ್ಕೌಟ್ಸ್ ಕಚೇರಿಯ ಸಭಾಂಗಣಕ್ಕೂ ಅವರದೇ ಹೆಸರು. ಚರಿತ್ರೆ ಇಷ್ಟು ಸಾಕು, ಕಡ್ಡಿಗೆ ಬರೋಣ.

ಒಂದು ಮೊಳೆಯನ್ನೂ ಹೊಡೆಯದೆ ಬರೀ ಗಳ, ಹಗ್ಗದಿಂದ ಸೇತುವೆ, ಅಟ್ಟಣೆ, ಕ್ಯಾಂಪಿನ ಹೆಬ್ಬಾಗಿಲು ಕಟ್ಟುವುದು ಪಯೊನಿಯರಿಂಗ್. ಗಳಕ್ಕೆ ಕೈಹಾಕುವ ಮೊದಲು ಪೆನ್ಸಿಲ್ ದಪ್ಪದ ಕಡ್ಡಿ, ತೆಳು ದಾರ ಹಿಡಿದು ಮಾದರಿ ಕಟ್ಟುವುದು ರೂಢಿ. 3 ಮೀಟರ್ ಗಳಕ್ಕೆ 30 ಸೆಂ.ಮೀ. ಕಡ್ಡಿ. ಟ್ರೆಸಲ್‌ಗೆ ಎರಡು ಕಾಲು, ಎರಡು ಅಡ್ಡ, ಎರಡು ಓರೆ. ಒಟ್ಟು 6 ಕಡ್ಡಿ, 9 ಕಟ್ಟು. ಕಾಲಿಗೆ ಕ್ಲೋವ್ ಹಿಚ್ ಗಂಟು ಹಾಕಿ, ಅಡ್ಡಕಡ್ಡಿ ಸೇರಿಸಿ ಮೂರು ಸುತ್ತು. ಆಮೇಲೆ ಕಡ್ಡಿಗಳ ಸಂದಿನಲ್ಲಿ ಆ ಸುತ್ತುಗಳನ್ನೇ ಬಿಗಿಯುವ ಎರಡು ಸುತ್ತು. ಕೊನೆಗೆ ಅಡ್ಡಕಡ್ಡಿಗೆ ಮತ್ತೊಂದು ಕ್ಲೋವ್ ಹಿಚ್. ಇದು ಸ್ಕ್ವೇರ್ ಲ್ಯಾಷಿಂಗ್. ಇಂಥವು ಎಂಟು.

ಸೋಜಿಗವಿರುವುದು ಓರೆ ಕಡ್ಡಿಗಳಲ್ಲಿ. ಅವುಗಳ ನಾಲ್ಕು ತುದಿಗಳಲ್ಲಿ ಮೂರನ್ನು ಕಾಲುಗಳ ಒಂದೇ ಮಗ್ಗುಲಿಗೆ ಕಟ್ಟಬೇಕು, ನಾಲ್ಕನೆಯದನ್ನು ಮಾತ್ರ ಎದುರು ಮಗ್ಗುಲಿಗೆ. ನಾಲ್ಕೂ ಒಂದೇ ಕಡೆ ಬಂದರೆ ನಡುವೆ ಒಂದರ ಮೇಲೊಂದು ಏರಿ ಬಿಲ್ಲಿನಂತೆ ಬಾಗುತ್ತವೆ. ಒಂದು ಓರೆಯ ಎರಡೂ ತುದಿ ಈಚೆ, ಇನ್ನೊಂದರ ಎರಡೂ ಆಚೆ ಆದರೆ ನಡುವೆ ಒಂದು ಕಡ್ಡಿ ತೂರುವಷ್ಟು ಸಂದು. ಒಂದೇ ತುದಿ ಆಚೆ ಹೋದಾಗ ಮಾತ್ರ ಎರಡೂ ತಾಕಿಯೂ ತಾಕದಂತೆ ಸರಿಯಾಗಿ ಹೊಂದುತ್ತವೆ; ಒಂಬತ್ತನೆಯ ಕಟ್ಟು, ಡಯಾಗನಲ್ ಲ್ಯಾಷಿಂಗ್, ಅಲ್ಲಿಗೆ. ಇದನ್ನು ಓದಿ ತಿಳಿಯುವುದು ಕಷ್ಟ. ಕಟ್ಟಿದರೆ ಬೆರಳಿಗೇ ಗೊತ್ತಾಗುತ್ತದೆ.

ಇದೇ ಟ್ರೆಸಲನ್ನು ಕಂಪ್ಯೂಟರಿನಲ್ಲಿ, ಸ್ಕೆಚ್‌ಅಪ್ ಎಂಬ ತಂತ್ರಾಂಶದಲ್ಲಿ ಬಿಡಿಸಿ ನೋಡಿ. ಒಂದು ಗಳದ ಹೊಟ್ಟೆಯೊಳಗೆ ಇನ್ನೊಂದು ತೂರಿ ಹೋದರೂ ಪರದೆ ತಕರಾರು ಮಾಡುವುದಿಲ್ಲ. ದೊಡ್ಡ ಕಟ್ಟಡಗಳ ತಂತ್ರಾಂಶಗಳಲ್ಲಿ ಇಂಥ ಡಿಕ್ಕಿ ಹುಡುಕುವುದಕ್ಕೇ ಬೇರೆ ಸೌಲಭ್ಯ ಇಟ್ಟಿರುತ್ತಾರೆ, ಅದು ಬೇರೆ ಮಾತು.

ಹಾಗೆಂದು ಕಡ್ಡಿಯನ್ನೂ ಪೂರ್ತಿ ನಂಬುವಂತಿಲ್ಲ. ಎಲ್ಲ ಅಳತೆ ಹತ್ತು ಪಟ್ಟಾದರೆ ಗಳದ ಅಡ್ಡಕೊಯ್ತ 100 ಪಟ್ಟು, ತೂಕ 1,000 ಪಟ್ಟು. ಸಣ್ಣದು ನಿಂತಿತೆಂದು ದೊಡ್ಡದು ನಿಲ್ಲಬೇಕಿಲ್ಲ. ಗೆಲಿಲಿಯೊ 1638ರಲ್ಲೇ ಇದನ್ನು ಬರೆದಿಟ್ಟಿದ್ದಾನೆ. ಆ ಲೆಕ್ಕಕ್ಕೆ ಕಂಪ್ಯೂಟರೇ ಸೈ.

ಕೈಯ ಮಾದರಿ, ಕಂಪ್ಯೂಟರ್ ಎರಡನ್ನೂ ಒಂದೇ ಕಡೆ ಕಾಣಬೇಕಾದರೆ ಬಾರ್ಸಿಲೋನಾಕ್ಕೆ ಹೋಗಬೇಕು. ಅಲ್ಲಿನ ವಾಸ್ತುಶಿಲ್ಪಿ ಗೌಡಿ ದಾರಗಳನ್ನು ತಲೆಕೆಳಗಾಗಿ ಇಳಿಬಿಟ್ಟು, ಸೀಸದ ಗುಂಡು ತುಂಬಿದ ಪುಟ್ಟ ಚೀಲಗಳನ್ನು ತೂಗಿಹಾಕಿ, ದಾರ ತಾನಾಗಿ ತಳೆದ ಬಾಗನ್ನೇ ತಿರುವಿ ಕಮಾನು ಮಾಡಿದ. ಅವನ ಸಗ್ರಾದ ಫಮೀಲಿಯಾ ಚರ್ಚಿನ ಗಾರೆ ಮಾದರಿಗಳು 1936ರ ಅಂತರ್ಯುದ್ಧದಲ್ಲಿ ಪುಡಿಯಾದವು. ಆ ಚೂರುಗಳಿಂದ ಅವನ ಜ್ಯಾಮಿತಿಯನ್ನು ಬಿಡಿಸುವ ಕೆಲಸಕ್ಕೆ ಮುಂದೆ ವಾಸ್ತುಶಿಲ್ಪಿ ಮಾರ್ಕ್ ಬರಿ ಕಂಪ್ಯೂಟರ್ ಹಚ್ಚಿದರು. ನಮ್ಮಲ್ಲೂ ಡಿಜಿಟಲ್ ಹಂಪಿ ಯೋಜನೆಯಲ್ಲಿ ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನವರು ಮೂರು ಆಯಾಮದ ಮಾದರಿಗಳಿಗೆ ದುಡಿದಿದ್ದಾರೆ.

ಗೌಡಿಯ ಚೂರುಗಳಾದರೂ ಉಳಿದವು. ಸ್ಕೌಟರ ಮಾದರಿಯ ಆಯುಷ್ಯ ಬಹಳ ಕಡಿಮೆ. ಕಟ್ಟಿದ್ದನ್ನು ಬಿಚ್ಚಿ, ಹಗ್ಗ ಸುತ್ತಿಡುವುದೂ ಅವರ ಶಿಸ್ತಿನ ಪಾಠವೇ, ತಪ್ಪೆನ್ನುವಂತಿಲ್ಲ. ಆದರೆ 1951ರಷ್ಟು ಹಿಂದೆಯೇ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು ಕಂಡ ದಾವಣಗೆರೆ ಇಲ್ಲೇ ಪಕ್ಕದಲ್ಲಿದೆ. ಅಲ್ಲಿಯ ಹುಡುಗ ಹುಡುಗಿಯರು ಲ್ಯಾಪ್‌ಟಾಪ್ ಹಿಡಿದೇ ಒಂದು ದಿನ ಇತ್ತ ಬಂದು, ಹೈಸ್ಕೂಲು ಮಕ್ಕಳ ಪಕ್ಕ ಕೂತು ಆ ನಾಲ್ಕನೆಯ ತುದಿಯನ್ನು ಕಟ್ಟಿ ನೋಡಬಾರದೇ ಎಂದು ನನಗೆ ಆಸೆ.