ಗೋಸುಂಬೆಯ ಬಿಸಿಲುಕಟ್ಟೆ

ಜನವರಿಯಲ್ಲಿ ಬೆಳಗಿನ ಏಳೂವರೆಗೆ ಬಾಗಲಕೋಟೆ ಜಿಲ್ಲೆಯ ಲೋಕಾಪುರದ ಓಣಿಗಳಲ್ಲಿ ಸುತ್ತಿದರೆ, ಎಳೆಬಿಸಿಲು ಬೀಳುವ ಕಟ್ಟೆಗಳೆಲ್ಲ ತುಂಬಿರುತ್ತವೆ. ಕಂಬಳಿ ಹೊದ್ದ ಹಿರಿಯರು ಬೆನ್ನಿಗೆ ಬಿಸಿಲು ಕೊಟ್ಟು ಮೈ ಕಾಯಿಸಿಕೊಳ್ಳುತ್ತ ಕೂತಿರುತ್ತಾರೆ. ಹೊತ್ತೇರಿದಂತೆ ಮೊದಲು ಕಂಬಳಿ ಜಾರುತ್ತದೆ. ಆಮೇಲೆ ಕೂತವರು ಗೇಣು ಗೇಣಾಗಿ ನೆರಳಿನ ಕಡೆ ಸರಿಯುತ್ತಾರೆ. ಹತ್ತೂವರೆಗೆ ಕಟ್ಟೆ ಖಾಲಿ. ಯಾರೂ ಥರ್ಮಾಮೀಟರ್ ನೋಡಿ ಎದ್ದವರಲ್ಲ.

ಅದೇ ಹೊತ್ತಿಗೆ ಊರಾಚೆಯ ಹೊಲದ ಬೇಲಿಯಲ್ಲಿ ಗೋಸುಂಬೆಯೂ ಇದೇ ಕೆಲಸದಲ್ಲಿರುತ್ತದೆ. ನಾನು ಜಾಲಿಕಂಟಿಯ ಮೇಲೆ ಕಂಡದ್ದು ಹೆಚ್ಚುಕಡಿಮೆ ಕರ್ರಗೇ ಇತ್ತು. ಪಕ್ಕೆಲುಬು ಅಗಲಿಸಿ, ಮೈಯನ್ನು ಬಾಡಿದ ಎಲೆಯಷ್ಟು ಚಪ್ಪಟೆ ಮಾಡಿಕೊಂಡು, ಒಂದು ಮಗ್ಗುಲನ್ನು ಪೂರ್ತಿ ಸೂರ್ಯನಿಗೆ ಹಿಡಿದಿತ್ತು. ಒಂದು ಕಣ್ಣು ನನ್ನ ಮೇಲೆ, ಇನ್ನೊಂದು ಆಕಾಶದ ಮೇಲೆ. "ಸಿಟ್ಟಿಗೆದ್ದೈತಿ ಅಂತ ತಿಳೀಬ್ಯಾಡ್ರಿ, ಬಿಸ್ಲ ಕಾಸಾಕತ್ತೈತಿ. ಹೊತ್ತೇರ್ಲಿ, ಬೆಳ್ಳಗ ಆಕ್ಕೈತಿ" ಅಂದರು ಹೊಲದ ಅಜ್ಜ. ತಾಸೊಪ್ಪತ್ತಿನ ಮೇಲೆ ಬಂದು ನೋಡಿದರೆ ಅಜ್ಜನ ಮಾತು ನಿಜ. ಅದೇ ಪ್ರಾಣಿ, ತಿಳಿ ಹಸಿರು.

ಪಕ್ಷ ಬದಲಿಸುವವರನ್ನು ಗೋಸುಂಬೆ ಅನ್ನುತ್ತೇವೆ. ಪ್ರಾಣಿಗೆ ಇದರಷ್ಟು ಅನ್ಯಾಯದ ಮಾತು ಇನ್ನೊಂದಿಲ್ಲ. ಅದು ಬಣ್ಣ ಬದಲಿಸುವುದು ಅಡಗಲಿಕ್ಕೆ ಮಾತ್ರವಲ್ಲ. ಎದುರಾಳಿಯನ್ನು ಹೆದರಿಸಲಿಕ್ಕೆ, ಹೆಣ್ಣನ್ನು ಒಲಿಸಲಿಕ್ಕೆ, ಮತ್ತು ಚಳಿ ಕಳೆಯಲಿಕ್ಕೆ. ಶೀತರಕ್ತ ಪ್ರಾಣಿ ಎಂದು ಶಾಲೆಯಲ್ಲಿ ಓದಿದ್ದೇವಲ್ಲ, ಅದರ ರಕ್ತವೇನೂ ತಣ್ಣಗಿರುವುದಿಲ್ಲ. ನಮ್ಮ ಹಾಗೆ ಮೈಯೊಳಗೇ ಒಲೆ ಹೊತ್ತಿಸಿಕೊಳ್ಳಲಾಗದೆ ಬೆಚ್ಚಗಾಗಲು ಬಿಸಿಲನ್ನೇ ನೆಚ್ಚಬೇಕು, ಅಷ್ಟೇ. ಚರ್ಮದ ಕಪ್ಪು ವರ್ಣಕಣಗಳನ್ನು ಹರಡಿಕೊಂಡರೆ ಶಾಖ ಬೇಗ ಹೀರುತ್ತದೆ, ಒಟ್ಟುಗೂಡಿಸಿದರೆ ಬಣ್ಣ ತಿಳಿಯಾಗುತ್ತದೆ. ಜಿನೀವಾ ವಿಶ್ವವಿದ್ಯಾಲಯದ ಮಿಶೆಲ್ ಮಿಲಿಂಕೋವಿಚ್ ಅವರ ತಂಡ 2015ರಲ್ಲಿ ಮಡಗಾಸ್ಕರಿನ ಪ್ಯಾಂಥರ್ ಗೋಸುಂಬೆಯ ಚರ್ಮದಲ್ಲಿ ಇನ್ನೊಂದು ಏರ್ಪಾಡನ್ನೂ ತೋರಿಸಿತು. ಅಲ್ಲಿ ಗ್ವಾನಿನ್ ಎಂಬ ವಸ್ತುವಿನ ಅತಿಸೂಕ್ಷ್ಮ ಹರಳುಗಳನ್ನು ಹೊತ್ತ ಜೀವಕೋಶಗಳ ಎರಡು ಪದರಗಳಿವೆ. ಮೇಲಿನ ಪದರದ ಹರಳುಗಳು ಹತ್ತಿರವಾದಂತೆ, ದೂರವಾದಂತೆ ಬಣ್ಣ ಬದಲಾಗುತ್ತದೆ. ಕೆಳಪದರದ ದೊಡ್ಡ ಹರಳುಗಳು ಸೂರ್ಯನ ಅವಕೆಂಪು ಕಿರಣವನ್ನು ಹಿಂದಕ್ಕೆ ಎಸೆಯುತ್ತವೆ. ಚರ್ಮದೊಳಗೇ ಕಟ್ಟಿಕೊಂಡ ಛತ್ರಿ ಅನ್ನಿ.

ಮೈ ಕಾಯದಿದ್ದರೆ ಏನಾಗುತ್ತದೆ? ತಿಂದದ್ದು ಅರಗುವುದಿಲ್ಲ, ನಡಿಗೆ ನಿಧಾನವಾಗುತ್ತದೆ. ಆದರೆ ನಾಲಗೆ ಮಾತ್ರ ಚಳಿಗೆ ಬಗ್ಗುವುದಿಲ್ಲ. ಅಮೆರಿಕದ ಸೌತ್ ಫ್ಲೋರಿಡಾ ವಿಶ್ವವಿದ್ಯಾಲಯದ ಆಂಡರ್ಸನ್ ಮತ್ತು ಡೆಬನ್ 2010ರಲ್ಲಿ ಅಳೆದು ನೋಡಿದರು. ಮೈಶಾಖ 25 ಡಿಗ್ರಿಯಿಂದ 15 ಡಿಗ್ರಿಗೆ ಇಳಿದಾಗ ನಾಲಗೆ ಹೊರಚಿಮ್ಮುವ ಚುರುಕು ಕುಗ್ಗಿದ್ದು ಶೇ 10–19ರಷ್ಟು ಮಾತ್ರ. ಒಳಕ್ಕೆ ಎಳೆದುಕೊಳ್ಳುವ ಚುರುಕು ಶೇ 42ಕ್ಕಿಂತ ಹೆಚ್ಚು ಕುಗ್ಗಿತ್ತು. ಹೊರಚಿಮ್ಮುವುದು ಎಳೆದು ಬಿಟ್ಟ ಕವಣೆಯ ರಬ್ಬರಿನ ಕೆಲಸ. ಒಳಗೆಳೆಯುವುದು ಸ್ನಾಯುವಿನ ಕೆಲಸ, ಸ್ನಾಯು ಬೆಚ್ಚಗಿರಬೇಕು.

ಈಗ ಪಂಜರದ ಮಾತು. ವಿದೇಶಗಳಲ್ಲಿ ಹೆಚ್ಚಾಗಿ ಸಾಕುವುದು ಯೆಮನ್ ಮತ್ತು ಸೌದಿ ಅರೇಬಿಯಾ ಮೂಲದ ವೇಲ್ಡ್ ಗೋಸುಂಬೆಯನ್ನು. ಬೆಳೆದ ಪ್ರಾಣಿ ಮೈ ಕಾಯಿಸಿಕೊಳ್ಳುವ ಕೊಂಬೆಯಲ್ಲಿ 29ರಿಂದ 32 ಡಿಗ್ರಿ ಸೆಲ್ಸಿಯಸ್ ಇರಬೇಕು, ಪಂಜರದ ಉಳಿದ ಭಾಗ ತಂಪಾಗಿರಬೇಕು, ರಾತ್ರಿ ಇನ್ನಷ್ಟು ತಂಪಾಗಬೇಕು. ಮರಿಗಳಿಗೆ ಇದಕ್ಕಿಂತ ಕಡಿಮೆ ಶಾಖ ಸಾಕು. ಜನ ಮೊದಲ ಅಂಕಿಯನ್ನಷ್ಟೇ ನೆನಪಿಟ್ಟುಕೊಂಡು ಉಳಿದದ್ದನ್ನು ಮರೆಯುತ್ತಾರೆ. ಕಟ್ಟೆಯ ಮೇಲಿನ ಹಿರಿಯರಿಗೆ ಸರಿಯಲು ನೆರಳೇ ಇಲ್ಲದಿದ್ದರೆ ಜನವರಿಯ ಬಿಸಿಲೂ ಶಿಕ್ಷೆಯೇ ತಾನೆ?

ಅಳತೆಯಲ್ಲೂ ಒಂದು ಮೋಸವಿದೆ. ಶಾಖಕ್ಕೆಂದು ಪಂಜರಕ್ಕೆ ಹಾಕಿದ ಬಲ್ಬಿನಿಂದ ಕೊಂಬೆಗೆ 20 ಸೆಂಟಿಮೀಟರ್ ಅಂತರ ಬಿಟ್ಟು, ಕೊಂಬೆಯ ಮೇಲೆ ಥರ್ಮಾಮೀಟರ್ ಇಟ್ಟು, 30 ಡಿಗ್ರಿ ಬಂತೆಂದು ಸಮಾಧಾನಪಡುತ್ತಾರೆ. ಆದರೆ ಗೋಸುಂಬೆ ಕೊಂಬೆಗೆ ಅಂಟಿಕೊಂಡ ಪಟ್ಟಿಯಲ್ಲ. ಅದರ ಬೆನ್ನೂ ತಲೆಯ ಮೇಲಿನ ಶಿರಸ್ತ್ರಾಣದಂಥ ಎತ್ತರವೂ ಎಂಟು ಸೆಂಟಿಮೀಟರ್ ಮೇಲಿದ್ದರೆ ಬಲ್ಬಿಗೂ ಅದಕ್ಕೂ ಉಳಿದದ್ದು ಹನ್ನೆರಡೇ. ದೂರ ಕಡಿಮೆಯಾದಂತೆ ಅದರ ವರ್ಗಕ್ಕೆ ವಿಲೋಮವಾಗಿ ಕಿರಣದ ತೀವ್ರತೆ ಏರುವುದರಿಂದ ಅಲ್ಲಿ ಬೀಳುವ ಶಾಖ ಕೊಂಬೆಯ ಮೇಲಿನದಕ್ಕಿಂತ ಎರಡೂವರೆ ಪಟ್ಟಿಗೂ ಹೆಚ್ಚು. ಬೆನ್ನಿನ ಏಣು ಸುಡುವುದು ಹೀಗೆ. ಹಾಗಾಗಿ ಅಳೆಯಬೇಕಾದದ್ದು ಬೆನ್ನಿನ ಎತ್ತರದಲ್ಲಿ. ಮೈ ಕಪ್ಪಿಟ್ಟುಕೊಂಡು ಬೆಳಕಿನ ಕೆಳಗೇ ಗಂಟೆಗಟ್ಟಲೆ ಕೂತಿದ್ದರೆ ಚಳಿಯಾಗಿದೆ. ಬಿಳಿಚಿಕೊಂಡು ಬಾಯಿ ತೆರೆದರೆ ಸೆಕೆಯಾಗಿದೆ. ಬೆಚ್ಚಗಿದ್ದರಷ್ಟೇ ಸಾಲದು, ಅತಿನೇರಳೆ-ಬಿ ಕಿರಣವೂ ಬೇಕು. ಆ ಕಿರಣ ಚರ್ಮದಲ್ಲಿ ಹುಟ್ಟಿಸುವ ವಸ್ತು ಮೈಶಾಖದಲ್ಲಿ ಮಾಗಿ ಡಿ3 ಜೀವಸತ್ವವಾಗುತ್ತದೆ. ಅದಿಲ್ಲದೆ ಸುಣ್ಣದಂಶ ಎಲುಬಿಗೆ ಸೇರದು. ಕಿಟಕಿಯ ಗಾಜು ಈ ಕಿರಣವನ್ನು ತಡೆಯುತ್ತದೆ, ಶಾಖವನ್ನು ಮಾತ್ರ ಒಳಗೆ ಕೂಡಿಡುತ್ತದೆ. ಬಿಸಿಲಲ್ಲಿಟ್ಟ ಗಾಜಿನ ಪೆಟ್ಟಿಗೆ ನಿಮಿಷಗಳಲ್ಲಿ ಕುಲುಮೆಯಾಗುತ್ತದೆ.

ಈ ದೀಪದ ಲೆಕ್ಕಗಳು ಹೆಚ್ಚಾಗಿ ಹಿಮ ಬೀಳುವ ಊರಿನವರು ಬರೆದವು. ಬಾಗಲಕೋಟೆ ಜಿಲ್ಲೆಯಲ್ಲಿ ಏಪ್ರಿಲ್–ಮೇ ತಿಂಗಳಲ್ಲಿ ಪಾದರಸ 40 ದಾಟುತ್ತದೆ. ಆಗ ಬಲ್ಬು ಹಾಕುವವನಿಗೆ ಏನೆನ್ನಬೇಕು? ಇಲ್ಲಿ ಬೇಕಾದದ್ದು ನೆರಳು, ಎಲೆ, ಗಾಳಿ, ಎಲೆಯ ಮೇಲಿನ ನೀರಹನಿ. ಅದಕ್ಕೂ ಮೊದಲಿನ ಮಾತೆಂದರೆ, ನಮ್ಮ ಬೇಲಿಯ ಗೋಸುಂಬೆಯನ್ನು ಹಿಡಿದು ಮನೆಗೆ ತರುವಂತೆಯೇ ಇಲ್ಲ. ಭಾರತದಲ್ಲಿರುವ ನಿಜವಾದ ಗೋಸುಂಬೆ ಇದೊಂದೇ, ವೈಜ್ಞಾನಿಕ ಹೆಸರು ಕಮೀಲಿಯೊ ಝೈಲಾನಿಕಸ್. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇದಕ್ಕೆ ರಕ್ಷಣೆಯಿದೆ. ವಿದೇಶಿ ವೇಲ್ಡ್ ಗೋಸುಂಬೆ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದವಾದ ಸೈಟಿಸ್ ಪಟ್ಟಿಯಲ್ಲಿರುವುದರಿಂದ, ಅಂಥ ಪ್ರಾಣಿ ಇಟ್ಟುಕೊಂಡವರು 2024ರ ನಿಯಮಗಳಂತೆ ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು.

ಮೇ ತಿಂಗಳ ಒಂದು ಮಧ್ಯಾಹ್ನ ಮತ್ತೆ ಅದೇ ಬೇಲಿಗೆ ಹೋದೆ. ಜಾಲಿಯ ಮೇಲೆ ಏನೂ ಇರಲಿಲ್ಲ. ಅಜ್ಜ ಎದ್ದು ಬಂದು ಪಕ್ಕದ ಬೇವಿನ ಮರದ ಒಳಗೊಂಬೆಯತ್ತ ಕೋಲು ತೋರಿಸಿದರು. ಕೊಂಬೆಯ ನೆರಳಿನ ಮಗ್ಗುಲಿಗೆ, ಎಲೆಗಳ ನಡುವೆ, ಬಾಲ ಸುರುಳಿ ಸುತ್ತಿಕೊಂಡು ಮಾಸಿದ ಹಳದಿ ಬಣ್ಣದಲ್ಲಿ ಅದು ಕೂತಿತ್ತು. ಬಾಯಿ ತುಸು ತೆರೆದಿತ್ತು. ಅಜ್ಜ ತಮ್ಮ ರುಮಾಲು ಬಿಚ್ಚಿ ಗಾಳಿ ಹಾಕಿಕೊಳ್ಳುತ್ತ ಮತ್ತೆ ಅದೇ ಮರದ ಬುಡದಲ್ಲಿ ಕೂತರು.