ಗರಡಿಯ ಬಾಗಿಲಲ್ಲಿ ವಯಸ್ಸಿನ ಪ್ರಶ್ನೆ

ಮೀಸೆ ಚಿಗುರುವ ವಯಸ್ಸಿನಲ್ಲಿ ಹುಡುಗನಿಗೆ ಕನ್ನಡಿಯೇ ಮಿತ್ರ, ಕನ್ನಡಿಯೇ ಶತ್ರು. ತೋಳು ಸೊರಗಿದಂತೆ, ಎದೆ ಒಳಸೇರಿದಂತೆ, ಎದುರುಮನೆಯ ತರುಣನ ಹೆಗಲಿನ ಮುಂದೆ ತನ್ನ ಹೆಗಲು ಗೂಟಕ್ಕೆ ತೂಗುಹಾಕಿದ ಅಂಗಿಯಂತೆ ಅವನಿಗೆ ತೋರುತ್ತದೆ. ಕಡೆಗೊಂದು ಸಂಜೆ ಧೈರ್ಯ ತಂದುಕೊಂಡು, ಬಡಾವಣೆಯ ದೊಡ್ಡ ಬೀದಿಯಲ್ಲಿ ಬೇಕರಿಯ ಮೇಲಣ ಅಂತಸ್ತಿನಲ್ಲಿರುವ ವ್ಯಾಯಾಮಶಾಲೆಯ ಮೆಟ್ಟಿಲು ಹತ್ತುತ್ತಾನೆ. ಅದಕ್ಕೀಗ ಎಲ್ಲರ ಬಾಯಲ್ಲೂ ಜಿಮ್ ಎಂದೇ ಹೆಸರು. ಮೇಜಿನ ಹಿಂದೆ ಕುಳಿತವರು ಮೊದಲು ಕೇಳುವುದು ಅವನ ವಯಸ್ಸನ್ನು. ಹದಿನೈದು ಎಂದರೆ, "ಹದಿನಾರು ತುಂಬಲಿ, ಆಮೇಲೆ ಬಾ" ಎನ್ನುತ್ತದೆ ಒಂದು ಜಿಮ್. "ಅಪ್ಪನ ಸಹಿ ಹಾಕಿಸಿಕೊಂಡು ಬಾ" ಎನ್ನುತ್ತದೆ ಇನ್ನೊಂದು. ಹದಿನೆಂಟಕ್ಕೆ ಒಂದು ದಿನ ಕಡಮೆಯಾದರೂ ಕೂಡದೆನ್ನುತ್ತದೆ ಮತ್ತೊಂದು. ಹಣ ತಂದಿದ್ದಾನೆಯೇ ಎಂಬುದಷ್ಟನ್ನೇ ವಿಚಾರಿಸಿ ಒಳಗೆ ಬಿಡುವುದೂ ಉಂಟು.

ಒಂದೇ ಊರು, ಒಂದೇ ಹುಡುಗ, ನಾಲ್ಕು ಉತ್ತರ. ಈ ಹದಿನಾರು ಹದಿನೆಂಟರ ಲೆಕ್ಕ ಬಂದದ್ದು ವೈದ್ಯರ ಕೋಣೆಯಿಂದಲೋ ವಕೀಲರ ಕೋಣೆಯಿಂದಲೋ ಎಂದು ವಿಚಾರಿಸಿದರೆ, ದೊರೆಯುವ ಉತ್ತರ ತಂದೆತಾಯಿಗಳಿಗೆ ಸ್ವಲ್ಪ ಆಶ್ಚರ್ಯವನ್ನೇ ಉಂಟುಮಾಡೀತು.

ಇಷ್ಟು ವರ್ಷ ತುಂಬದವರು ವ್ಯಾಯಾಮಶಾಲೆಗೆ ಕಾಲಿಡಕೂಡದೆಂದು ದೇಶಕ್ಕೆಲ್ಲ ಅನ್ವಯಿಸುವಂತೆ ವಿಧಿಸುವ ಕಾಯಿದೆ ಭಾರತದಲ್ಲಿಲ್ಲ. ಇರುವುದು ಕರಾರಿನ ಕಾಯಿದೆ. 1872ರ ಕರಾರು ಕಾಯಿದೆಯ 11ನೆಯ ಕಲಮು ಪ್ರಾಪ್ತವಯಸ್ಕರಿಗೆ ಮಾತ್ರ ಕರಾರು ಮಾಡಿಕೊಳ್ಳುವ ಅರ್ಹತೆಯನ್ನು ಕೊಡುತ್ತದೆ. 1875ರ ಇನ್ನೊಂದು ಕಾಯಿದೆ ಪ್ರಾಪ್ತವಯಸ್ಸನ್ನು 18 ಎಂದು ಗೊತ್ತುಮಾಡಿತು. 1903ರಲ್ಲಿ ಮೊಹರಿ ಬೀಬಿ ಮತ್ತು ಧರ್ಮದಾಸ ಘೋಷರ ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲ್ಲು ಅಪ್ರಾಪ್ತವಯಸ್ಕನ ಕರಾರು ಮೂಲದಲ್ಲಿಯೇ ಶೂನ್ಯವೆಂದು ತೀರ್ಪಿತ್ತಿತು. ಅಲ್ಲಿಯ ವ್ಯಾಜ್ಯ ಅಡಮಾನದ್ದು, ಕಬ್ಬಿಣದ ಗುಂಡಿನದಲ್ಲ. ಆದರೂ ಅದರ ನೆರಳು ಇಂದಿನ ಜಿಮ್ಮಿನ ಮೇಜಿನವರೆಗೂ ಚಾಚಿದೆ. "ಏನಾದರೂ ಅಪಾಯವಾದರೆ ಸಂಸ್ಥೆ ಹೊಣೆಯಲ್ಲ" ಎಂಬ ಅಚ್ಚಾದ ಹಾಳೆಗೆ ಹದಿನೈದರ ಹುಡುಗ ಎಷ್ಟು ಸೊಗಸಾಗಿ ರುಜು ಹಾಕಿದರೂ ಅದಕ್ಕೆ ಬೆಲೆಯಿಲ್ಲ. ವರ್ಷದ ಶುಲ್ಕ ಉಳಿಸಿಕೊಂಡನೆಂದು ಅವನ ಮೇಲೆ ದಾವೆ ಹೂಡಲೂ ಬರುವುದಿಲ್ಲ. ಆದ್ದರಿಂದಲೇ ಹದಿನೆಂಟು, ಆದ್ದರಿಂದಲೇ ಅಪ್ಪನ ಸಹಿ. ನಡುವಿನ ಹದಿನಾರಂತೂ ಮಾಲೀಕರು ತಾವೇ ಕಂಡುಕೊಂಡ ಒಂದು ರಾಜಿ.

ಹಿಂದೊಮ್ಮೆ ಸರಕಾರವೂ ಈ ವಿಷಯದಲ್ಲಿ ಬಾಯಿ ತೆರೆದದ್ದುಂಟು. ಕೊರೋನಾ ಪಿಡುಗಿನ ನಡುವೆ 2020ರ ಆಗಸ್ಟಿನಲ್ಲಿ ವ್ಯಾಯಾಮಶಾಲೆಗಳನ್ನು ತೆರೆಯಲು ಅನುಮತಿ ಕೊಟ್ಟಾಗ, ಕೇಂದ್ರ ಆರೋಗ್ಯ ಸಚಿವಾಲಯವು 65 ದಾಟಿದವರು, ಬೇರೆ ಕಾಯಿಲೆಯುಳ್ಳವರು, ಗರ್ಭಿಣಿಯರು ಮತ್ತು 10 ವರ್ಷದೊಳಗಿನ ಮಕ್ಕಳು ಮುಚ್ಚಿದ ಕೋಣೆಯ ಜಿಮ್ಮುಗಳಿಂದ ದೂರವಿರಬೇಕೆಂದು ಸಲಹೆ ಮಾಡಿತು. ಅದು ಸೋಂಕಿನ ಲೆಕ್ಕ; ಡಂಬೆಲ್ಲಿನ ಲೆಕ್ಕವಲ್ಲ.

ಇನ್ನು ವೈದ್ಯರ ಮಾತು. ಅದಕ್ಕೆ ಮೊದಲು ಅಜ್ಜಿಯರ ಮಾತನ್ನು ಕೇಳಬೇಕು. ಏಕೆಂದರೆ ಮನೆಗಳಲ್ಲಿ ನಡೆಯುವುದು ಅವರದೇ. "ಬೆಳೆಯುವ ವಯಸ್ಸಿನಲ್ಲಿ ಭಾರ ಎತ್ತಿದರೆ ಕುಳ್ಳಾಗಿ ಉಳಿಯುತ್ತೀಯೆ" ಎಂಬುದು ಆ ಶಾಸನ. ಇದು ಶುದ್ಧ ಮೂಢನಂಬಿಕೆ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಕೈಕಾಲುಗಳ ಉದ್ದೆಲುಬುಗಳ ತುದಿಯ ಬಳಿ ಮೃದ್ವಸ್ಥಿಯ ಒಂದು ತೆಳುವಾದ ಪದರವಿರುತ್ತದೆ. ಎಲುಬು ಉದ್ದವಾಗುವುದು ಅಲ್ಲಿಯೇ. ಹುಡುಗಿಯರಲ್ಲಿ ಸಾಮಾನ್ಯವಾಗಿ 14-16ರ ಸುಮಾರಿಗೆ, ಹುಡುಗರಲ್ಲಿ 16-18ರ ಸುಮಾರಿಗೆ ಆ ಪದರ ಗಟ್ಟಿಯಾಗಿ ಎಲುಬಿನಲ್ಲಿ ಬೆರೆತುಹೋಗುತ್ತದೆ. ಎತ್ತರದ ಬೆಳವಣಿಗೆಯೂ ಅಲ್ಲಿಗೆ ಮುಗಿಯುತ್ತದೆ. ಅದಕ್ಕೆ ಮುಂಚೆ ಅಲ್ಲಿ ಬಲವಾದ ಪೆಟ್ಟು ಬಿದ್ದರೆ ಎಲುಬು ಸೊಟ್ಟಗಾಗಬಹುದು, ಮೊಟಕೂ ಆಗಬಹುದು. ಅಜ್ಜಿಯ ಭಯಕ್ಕೆ ಆಧಾರ ಇದ್ದೇ ಇದೆ.

ಆದರೆ ತಿಳಿದವರ ಕಣ್ಣೆದುರಿನಲ್ಲಿ, ಶಕ್ತಿಗೆ ತಕ್ಕಷ್ಟೇ ಭಾರವನ್ನು ಸರಿಯಾದ ಭಂಗಿಯಲ್ಲಿ ಎತ್ತಿದ ಮಕ್ಕಳ ಬೆಳವಣಿಗೆ ಕುಂಠಿತವಾಯಿತೆಂಬುದಕ್ಕೆ ಸಂಶೋಧಕರಿಗೆ ಪುರಾವೆ ದೊರೆತಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 2020ರ ತನ್ನ ವರದಿಯಲ್ಲಿ ಈ ಭಯವನ್ನು ಬಹುಮಟ್ಟಿಗೆ ಬದಿಗಿಟ್ಟಿತು. ಹೇಳಿದ ಮಾತನ್ನು ಕೇಳಿ ಹಾಗೆಯೇ ಮಾಡುವಷ್ಟು ತಿಳಿವಳಿಕೆ, ನೆಟ್ಟಗೆ ನಿಂತು ತೂಗಿಸಿಕೊಳ್ಳುವಷ್ಟು ಹಿಡಿತ ಬಂದ ಏಳೆಂಟು ವರ್ಷದ ಮಗುವೂ ಹಗುರವಾದ ಶಕ್ತಿಸಾಧನೆಯನ್ನು ಆರಂಭಿಸಬಹುದೆಂಬುದು ಇಂದಿನ ತಜ್ಞರ ಅಭಿಪ್ರಾಯ. ಒಂದೇ ಏಟಿಗೆ ಎಷ್ಟು ಎತ್ತಬಲ್ಲೆನೆಂದು ಪರೀಕ್ಷಿಸುವ ಪಂದ್ಯದ ಭಾರಕ್ಕೆ ಮಾತ್ರ ದೇಹ ಬಲಿಯುವವರೆಗೆ ಕಾಯಬೇಕೆಂದು ಎಚ್ಚರಿಸುತ್ತ ಬಂದಿದ್ದಾರೆ. ಹೃದಯದ ತೊಂದರೆ, ಹತೋಟಿಯಿಲ್ಲದ ರಕ್ತದೊತ್ತಡ ಇದ್ದವರಿಗೆ ವೈದ್ಯರ ಅಪ್ಪಣೆ ಬೇಕೇ ಬೇಕು. ವಿಶ್ವ ಆರೋಗ್ಯ ಸಂಸ್ಥೆಯಂತೂ 2020ರಲ್ಲಿ, 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಸಬೇಕು, ವಾರಕ್ಕೆ ಮೂರು ದಿನವಾದರೂ ಮಾಂಸಖಂಡ ಮತ್ತು ಎಲುಬುಗಳನ್ನು ಬಲಪಡಿಸುವ ಚಟುವಟಿಕೆ ಅದರಲ್ಲಿರಬೇಕು ಎಂದಿತು.

ಕಣ್ಣೆದುರಿನ ನಿದರ್ಶನಗಳೂ ಇವೆ. 2000ದಲ್ಲಿ ಸಿಡ್ನಿಯ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದ ಆಂಧ್ರದ ಕರ್ಣಂ ಮಲ್ಲೇಶ್ವರಿ ಭಾರ ಎತ್ತಲು ಕಲಿತದ್ದು ಹನ್ನೆರಡರ ಹರೆಯದಲ್ಲಿ. ಮಿಜೋರಾಮಿನ ಜೆರೆಮಿ ಲಾಲ್ರಿನ್ನುಂಗ 2018ರಲ್ಲಿ ಬ್ಯೂನಸ್ ಐರಿಸಿನ ಯುವ ಒಲಿಂಪಿಕ್ಸಿನಲ್ಲಿ ಒಟ್ಟು 274 ಕಿಲೋ ಎತ್ತಿ ಚಿನ್ನ ತಂದಾಗ ಅವನಿಗೆ ಹದಿನಾರೂ ತುಂಬಿರಲಿಲ್ಲ. ಬೇಕರಿಯ ಮೇಲಣ ಜಿಮ್ಮಿನವರು ಅವನನ್ನು ಬಾಗಿಲಲ್ಲಿಯೇ ತಡೆಯುತ್ತಿದ್ದರೇನೋ! ಇಂಥವರು ಸಾವಿರಕ್ಕೊಬ್ಬರು ಎಂಬುದು ನಿಜ. ಆದರೆ ಅವರ ಬೆನ್ನ ಹಿಂದೆ ದಿನವೂ ಒಬ್ಬ ಶಿಕ್ಷಕ ನಿಂತಿದ್ದನೆಂಬುದೂ ಅಷ್ಟೇ ನಿಜ.

ಹದಿಮೂರರ ಹುಡುಗನಿಗೆ ಒಂದು ನಿರಾಶೆಯ ಸಂಗತಿಯನ್ನು ಮೊದಲೇ ಹೇಳಿಬಿಡುವುದು ಲೇಸು. ಆ ವಯಸ್ಸಿನ ಸಾಧನೆಯಿಂದ ಶಕ್ತಿ ಹೆಚ್ಚುತ್ತದೆ. ತೋಳು ಅಷ್ಟಾಗಿ ಉಬ್ಬುವುದಿಲ್ಲ. ಪ್ರಾಯ ಮೈಗೂಡುವ ಮುನ್ನ ಬರುವ ಬಲವೆಲ್ಲ ಬಹುತೇಕ ನರಗಳ ಕಲಿಕೆ. ಇದ್ದ ಸ್ನಾಯುಗಳನ್ನೇ ಮೆದುಳು ಒಟ್ಟಾಗಿ, ಹದವಾಗಿ ದುಡಿಸಲು ಕಲಿಯುತ್ತದೆ. ನೊಗಕ್ಕೆ ಹೊಸದಾಗಿ ಹೂಡಿದ ಹೋರಿಗಳು ಒಂದು ತಿಂಗಳಲ್ಲಿ ಹೆಜ್ಜೆ ಕೂಡಿಸುವುದಿಲ್ಲವೇ, ಹಾಗೆ. ಕನ್ನಡಿಗೆ ಇದು ಕಾಣುವುದಿಲ್ಲ. ಮೂರು ತಿಂಗಳ ದುಡಿಮೆಯ ಮೇಲೂ ಕನ್ನಡಿ ಸುಮ್ಮನಿದ್ದಾಗ ಹುಡುಗ ಅಡ್ಡದಾರಿ ಹುಡುಕತೊಡಗುತ್ತಾನೆ.

ಅಲ್ಲದೆ, ವರ್ಷದ ಲೆಕ್ಕ ದೇಹದ ಲೆಕ್ಕವಲ್ಲ. ಯಾವುದೇ ಪ್ರೌಢಶಾಲೆಯ ಒಂಬತ್ತನೆಯ ತರಗತಿಯ ಗುಂಪುಚಿತ್ರವನ್ನು ನೋಡಿದರೆ ಸಾಕು. ಒಬ್ಬನಿಗೆ ದಟ್ಟವಾದ ಮೀಸೆ. ಪಕ್ಕದಲ್ಲಿ ನಿಂತವನಿಗೆ ಇನ್ನೂ ಹಾಲುಗಲ್ಲ. ಇಬ್ಬರಿಗೂ ಹದಿನಾಲ್ಕೇ. ಒಂದೇ ಅಂಕಿಯಿಂದ ಇಬ್ಬರನ್ನೂ ಅಳೆಯುವ ನಿಯಮ ಒಬ್ಬನಿಗೆ ಬಿಗಿ, ಇನ್ನೊಬ್ಬನಿಗೆ ಸಡಿಲ. ಬಡವರ ಮಗನ ಪ್ರಶ್ನೆಯನ್ನಂತೂ ಯಾರೂ ಎತ್ತುವುದಿಲ್ಲ. 14 ತುಂಬಿದ ಹುಡುಗ ಅಂಗಡಿಯ ಮುಂದೆ ಲಾರಿಯಿಂದ 50 ಕಿಲೋ ಸಿಮೆಂಟಿನ ಚೀಲ ಇಳಿಸುವಾಗ ಅವನ ಎಲುಬಿನ ತುದಿಯ ಮೃದ್ವಸ್ಥಿ ಯಾರ ನೆನಪಿಗೂ ಬಾರದು.

ನಮ್ಮ ನಾಡಿಗೆ ಈ ವಿಚಾರ ಹೊಸತೇನೂ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದವೆಂಬ ಭಾಗವೇ ಇದೆ. ಅಲ್ಲಿ ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ಈ ಮೂರನ್ನೂ ನೋಡಿ ವಿಂಗಡಿಸಲಾಗಿದೆ. ಯಾವ ವ್ಯಾಯಾಮ, ಯಾವ ಆಹಾರ ಎಂಬುದನ್ನೂ ಹೇಳಿದೆ. ವಯಸ್ಸೊಂದನ್ನೇ ನೋಡಲಿಲ್ಲ ಎಂಬುದು ಗಮನಿಸತಕ್ಕ ಮಾತು. ಹಳೆಯ ಕಾವ್ಯಗಳ "ಗರುಡಿ"ಯೇ ನಮ್ಮ ಗರಡಿ. ತುಳುನಾಡಿನಲ್ಲಿ ಆ ಹೆಸರು ಕೋಟಿ ಚೆನ್ನಯರ ಗುಡಿಗಳಿಗೇ ನಿಂತಿತು. ಮೈಸೂರಿನಲ್ಲಿ ಕುಸ್ತಿಯ ಮನೆಗೆ ಉಳಿಯಿತು.

ಮೈಸೂರಿನ ಗರಡಿಗಳಲ್ಲಿ ಬಾಲಕನ ಪ್ರವೇಶಕ್ಕೆ ಜನ್ಮಪತ್ರಿಕೆ ಬೇಕಾಗಿರಲಿಲ್ಲ. ಯಾರ ಮಗ, ಯಾವ ಬೀದಿ ಎಂದು ವಸ್ತಾದರು ಕೇಳುತ್ತಿದ್ದರು. ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡುತ್ತಿದ್ದರು. ಆಂಜನೇಯನ ಪಟಕ್ಕೆ ಕೈಮುಗಿಸಿ, ಅರಿಶಿನ ಎಣ್ಣೆ ಬೆರೆಸಿ ಹದಮಾಡಿದ ಕೆಮ್ಮಣ್ಣನ್ನು ಅಗೆದು ಸಡಿಲ ಮಾಡುವ ಕೆಲಸಕ್ಕೆ ಹಚ್ಚುತ್ತಿದ್ದರು. ಮಣ್ಣು ಅಗೆಯುವುದೇ ಮೊದಲ ಪಾಠ. ಅದರ ಹಿಂದೆ ದಂಡ, ಬಸ್ಕಿ. ತನ್ನ ಮೈಯ ಭಾರವನ್ನೇ ಎತ್ತಲಾರದವನ ಕೈಗೆ ಗದೆ ಬರುತ್ತಿರಲಿಲ್ಲ. ಹುಡುಗ ಹೇಗೆ ಬೆವರುತ್ತಾನೆ, ಎಲ್ಲಿ ಮೊಣಕಾಲು ನಡುಗುತ್ತದೆ ಎಂಬುದನ್ನು ವಸ್ತಾದರ ಕಣ್ಣು ಅಳೆಯುತ್ತಿತ್ತು. ನಿಯಮವಿದ್ದದ್ದು ಗೋಡೆಯ ಮೇಲಲ್ಲ, ಆ ಕಣ್ಣಿನಲ್ಲಿ.

ಬೆಂಗಳೂರಿನ ಕೆ. ವಿ. ಅಯ್ಯರ್ ಅವರ ಹೆಸರನ್ನು ಇಲ್ಲಿ ಬಿಡುವಂತಿಲ್ಲ. "ಶಾಂತಲಾ", "ರೂಪದರ್ಶಿ" ಕಾದಂಬರಿಗಳಿಂದ ಕನ್ನಡಿಗರಿಗೆ ಪರಿಚಿತರಾದ ಈ ಸಾಹಿತಿ, ಹರ್ಕ್ಯುಲಿಸ್ ವ್ಯಾಯಾಮಶಾಲೆಯ ಒಡೆಯರೂ ಹೌದು. 1930ರಲ್ಲಿ "ಮಸಲ್ ಕಲ್ಟ್" ಎಂಬ ಇಂಗ್ಲಿಷ್ ಪುಸ್ತಕವನ್ನು ಹೊರತಂದವರು. ಪಶ್ಚಿಮದ ಬಾರ್ಬೆಲ್ಲನ್ನೂ ನಮ್ಮ ಸೂರ್ಯನಮಸ್ಕಾರವನ್ನೂ ಒಂದೇ ಸೂರಿನಡಿ ತಂದು, ಟಪಾಲಿನ ಮೂಲಕವೂ ಶಿಕ್ಷಣ ಕೊಟ್ಟರು. ಮೈ ಬೆಳೆಸುವುದೂ ಒಂದು ವಿದ್ಯೆ, ಅದಕ್ಕೆ ಪಾಠಕ್ರಮವೂ ಗುರುವೂ ಬೇಕೆಂಬ ಭಾವನೆಯನ್ನು ಓದುಬರೆಹದ ಮನೆಗಳಿಗೆ ಮುಟ್ಟಿಸಿದವರಲ್ಲಿ ಅವರು ಮುಖ್ಯರು. ಅದೇ ದಶಕದಲ್ಲಿ, 1934ರಲ್ಲಿ, ಮಲೇರಿಯಾ, ಟೈಫಾಯಿಡ್, ಕ್ಷಯಗಳಿಂದ ಕಡ್ಡಿಯಾಗಿದ್ದ ಹದಿನೈದರ ಬಾಲಕನೊಬ್ಬ ಮೈಸೂರಿನಲ್ಲಿ ಭಾವ ಕೃಷ್ಣಮಾಚಾರ್ಯರ ಮನೆ ಸೇರಿದ. ಅವನೇ ಮುಂದೆ ಲೋಕವೆಲ್ಲ ಬಲ್ಲ ಬಿ. ಕೆ. ಎಸ್. ಅಯ್ಯಂಗಾರ್. ಆ ಗುರುಗಳ ಶಿಕ್ಷಣ ಅತಿ ಕಠಿಣವಾಗಿತ್ತೆಂದು ಅವರೇ ಹೇಳಿಕೊಂಡಿದ್ದಾರೆ. ಗುರುವಿದ್ದ ಮಾತ್ರಕ್ಕೆ ಮೈಗೆ ನೋವಾಗದೆಂದಲ್ಲ. ಗರಡಿಯಲ್ಲಿ ಕೈ ಮುರಿದುಕೊಂಡವರೂ ಉಂಟು. ಆದರೂ ನೋಡುವ ಕಣ್ಣೊಂದು ಅಲ್ಲಿ ಸದಾ ಇರುತ್ತಿತ್ತು.

ಇಂದಿನ ಜಿಮ್ಮಿನಲ್ಲಿ ಕೊರತೆ ಬಿದ್ದಿರುವುದು ಈ ಕಣ್ಣಿಗೆ. ಸಂಜೆ ಆರರಿಂದ ಎಂಟರವರೆಗೆ ಕಾಲಿಡಲು ತಾಣವಿರುವುದಿಲ್ಲ. ಎಲ್ಲರಿಗೂ ಸೇರಿ ಶಿಕ್ಷಕ ಒಬ್ಬನೋ ಇಬ್ಬರೋ. ಪ್ರತ್ಯೇಕವಾಗಿ ಹೇಳಿಕೊಡಲು ಪ್ರತ್ಯೇಕ ಶುಲ್ಕ. ಅಪ್ಪನ ಸಹಿಯೊಂದಿಗೆ ಒಳಬಂದ ಹುಡುಗ ಪಕ್ಕದ ಇಪ್ಪತ್ತೈದರವನನ್ನು ನೋಡಿ ಭಾರ ಏರಿಸುತ್ತಾನೆ. ಬಾಗಿಲಿನಿಂದಲೇ ಹಿಂದಿರುಗಿದ ಹುಡುಗನ ಪಾಡು ಇನ್ನೂ ಕಷ್ಟ. ಅವನು ಸಾಧನೆಯನ್ನು ಬಿಡುವುದಿಲ್ಲ. ತಾರಸಿಯ ಮೇಲೆ, ಡಬ್ಬಕ್ಕೆ ಕಾಂಕ್ರೀಟು ತುಂಬಿ ಕೊಳವೆ ಸಿಕ್ಕಿಸಿದ ಬಾರ್ಬೆಲ್ಲಿನೊಡನೆ, ಫೋನಿನಲ್ಲಿ ನೋಡಿದ್ದನ್ನು ಮಾಡುತ್ತಾನೆ. ಬೆರಳು ಜಜ್ಜುವುದು, ಬೆನ್ನು ಉಳುಕುವುದು ಇಂಥ ಕಡೆಯಲ್ಲಿಯೇ ಹೆಚ್ಚು. ವಯಸ್ಸಿನ ನಿಯಮ ಅವನನ್ನು ಅಪಾಯದಿಂದ ತಪ್ಪಿಸಲಿಲ್ಲ, ಮಾಲೀಕನನ್ನು ಹೊಣೆಯಿಂದ ತಪ್ಪಿಸಿತು.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ರ ಪ್ರಾಯದಲ್ಲಿ ಹಠಾತ್ತನೆ ತೀರಿಕೊಂಡಾಗ ನಾಡಿನ ಎಷ್ಟೋ ಮನೆಗಳಲ್ಲಿ ಮಕ್ಕಳ ಜಿಮ್ಮಿಗೆ ತಡೆ ಬಿತ್ತು. ದುಃಖದಲ್ಲಿ ಹುಟ್ಟಿದ ಆ ಭಯ ಸಹಜವೇ; ಆದರೆ ಹದಿಹರೆಯದವರನ್ನು ಕಾಡುವ ಗಂಡಾಂತರ ಬೇರೆ. ಅದು ಬರುವುದು ಡಬ್ಬಿಯಲ್ಲಿ, ಸೂಜಿಯಲ್ಲಿ. ಪ್ರೋಟೀನಿನ ಪುಡಿ ದುಬಾರಿ, ಅಷ್ಟೆ. ಹೆಸರುಕಾಳು, ಮೊಟ್ಟೆ, ಹಾಲು, ಕಡಲೆಕಾಯಿಗಳಿಂದ ಆಗದ ಕೆಲಸವೇನೂ ಅದರಿಂದ ಹೆಚ್ಚಾಗಿ ಆಗದು. ಸ್ಟೀರಾಯ್ಡಿನ ಮಾತು ಹಾಗಲ್ಲ. ಕನ್ನಡಿಯ ಮೌನದಿಂದ ಬೇಸತ್ತ ಹುಡುಗನಿಗೆ ಯಾರಾದರೂ ಗುಟ್ಟಾಗಿ ಅದನ್ನು ಕೊಟ್ಟರೆ, ತೋಳು ಬೇಗ ಉಬ್ಬುತ್ತದೆ. ಎಲುಬಿನ ತುದಿಯ ಆ ಮೃದುಪದರ ಅಕಾಲದಲ್ಲಿ ಮುಚ್ಚಿಹೋಗುತ್ತದೆ. ಅಜ್ಜಿ ಹೆದರಿದ ಕುಳ್ಳುತನ ಕಬ್ಬಿಣದಿಂದ ಬರಲಿಲ್ಲ, ಆ ಸೂಜಿಯಿಂದ ಬಂತು! ವೃಷಣ, ಯಕೃತ್ತು, ಹೃದಯ, ಮನಸ್ಸು, ಇವುಗಳಿಗೆ ಆಗುವ ಹಾನಿ ಬೇರೆಯೇ ಇದೆ. ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಈ ಔಷಧದ ವಿಷಯದಲ್ಲಿ ಜಿಮ್ಮಿನ ಪ್ರವೇಶದ ಹಾಳೆ ಒಂದು ಮಾತನ್ನೂ ಹೇಳುವುದಿಲ್ಲ.

ಹೆಣ್ಣುಮಕ್ಕಳಿಗೆ ವಯಸ್ಸಿನ ನಿಯಮದೊಡನೆ ವೇಳೆಯ ನಿಯಮವೂ ಸೇರುತ್ತದೆ: ಹೆಂಗಸರಿಗೆ ಬೆಳಿಗ್ಗೆ ಹತ್ತರ ಮೇಲೆ ಎಂದರೆ ಶಾಲೆಗೆ ಹೋಗುವವಳು ಬರುವುದೆಂತು? ಮುಪ್ಪಿನಲ್ಲಿ ಸೊಂಟದ ಮೂಳೆ ಮುರಿಯದಂತೆ ಕಾಯುವ ಗಟ್ಟಿತನ ಕೂಡಿಬರುವುದು ಬಹುಪಾಲು ಹದಿಹರೆಯದಲ್ಲಿ. ಆ ದೃಷ್ಟಿಯಿಂದ ಭಾರ ಎತ್ತುವ ಅಗತ್ಯ ಅಣ್ಣನಿಗಿಂತ ತಂಗಿಗೇ ಹೆಚ್ಚು ಎಂದರೂ ತಪ್ಪಾಗದು.

ಮಗನನ್ನೋ ಮಗಳನ್ನೋ ಕರೆದುಕೊಂಡು ಹೋಗುವ ತಂದೆ ಶುಲ್ಕ ಕೊಡುವ ಮೊದಲು ಒಂದು ಸಂಜೆ, ಜನ ತುಂಬಿರುವ ಹೊತ್ತಿನಲ್ಲಿ, ಅರ್ಧ ಗಂಟೆ ಅಲ್ಲಿ ಕುಳಿತು ಬರಬೇಕು. ಹೊಸಬನಿಗೆ ಮೊದಲು ಬರಿಯ ಕೋಲು ಹಿಡಿಸಿ ಭಂಗಿ ಕಲಿಸುತ್ತಾರೆಯೇ, ಎಂಟು ಹತ್ತು ಬಾರಿ ಸುಲಭವಾಗಿ ಎತ್ತಬಹುದಾದ ಭಾರವನ್ನೇ ಕೊಡುತ್ತಾರೆಯೇ, ನಡುವೆ ಒಂದು ದಿನ ಬಿಡುವೆನ್ನುತ್ತಾರೆಯೇ, ಮೇಜಿನ ಹಿಂದಿನ ಕಪಾಟಿನಲ್ಲಿ ಡಬ್ಬಿಗಳೆಷ್ಟು ಎಂಬುದೆಲ್ಲ ಅಷ್ಟರಲ್ಲಿ ಕಂಡುಬರುತ್ತದೆ. ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ ಅಗ್ಗವೆಂದು ಮಾಲೀಕರು ಹೇಳಿಯೇ ಹೇಳುತ್ತಾರೆ. ತಿಂಗಳ ಲೆಕ್ಕವೇ ವಾಸಿ. ಮಾರ್ಚಿಯಲ್ಲಿ ಪರೀಕ್ಷೆ ಬರುತ್ತದೆ, ಹುಡುಗ ನಿಲ್ಲಿಸುತ್ತಾನೆ. ಆಗ ಬಾಕಿ ಕೇಳಿಕೊಂಡು ಬರುವುದು ಸಹಿ ಹಾಕಿದ ಅಪ್ಪನ ಬಳಿಗೆ.