ಕಿಟಕಿ ಬದಿಯ ಸೊಪ್ಪಿಗೆ ಹೋಟೆಲಿನಲ್ಲೇ ಮಣ್ಣು

ಮಳೆಗಾಲ ಬಂತೆಂದರೆ ಮುಂಬಯಿ, ಪುಣೆಯ ಹೋಟೆಲಿಗರಿಗೆ ಕೊತ್ತಂಬರಿ ಸೊಪ್ಪಿನ ಚಿಂತೆ. ನಾಸಿಕ್, ಪುಣೆ ಕಡೆ ನಾಲ್ಕು ದಿನ ಬಿಡದೆ ಮಳೆ ಸುರಿದರೆ ವಾಶಿ ಮಾರುಕಟ್ಟೆಗೆ ಬರುವ ಸೊಪ್ಪು ಅರ್ಧ ಕೊಳೆತಿರುತ್ತದೆ, ದರ ಮಾತ್ರ ಏರಿರುತ್ತದೆ. ಇತ್ತ ನಮ್ಮದೇ ಹೋಟೆಲಿನ ಹಿಂಬಾಗಿಲಿನಿಂದ ದಿನವೂ ತರಕಾರಿ ಸಿಪ್ಪೆ, ಕಾಫಿ ಚರಟ, ತೆಂಗಿನಕಾಯಿಯ ಜುಟ್ಟು ಬುಟ್ಟಿಗಟ್ಟಲೆ ಹೊರಗೆ ಹೋಗುತ್ತದೆ. ಇದನ್ನೇ ಮಣ್ಣಾಗಿಸಿ ಒಂದಿಷ್ಟು ಸೊಪ್ಪು ಬೆಳೆದುಕೊಳ್ಳಬಹುದು.

ನಾಲ್ಕು ಕ್ರೇಟಿನ ಸೊಪ್ಪಿನಿಂದ ಹೋಟೆಲಿನ ಪೂರ್ತಿ ಖರ್ಚು ತೂಗದು, ಇದನ್ನು ಮೊದಲೇ ಹೇಳಿಬಿಡಬೇಕು. ಆದರೆ ಉಪ್ಪಿಟ್ಟು, ರಸಂ ಮೇಲೆ ಉದುರಿಸುವ ಕೊತ್ತಂಬರಿ, ಚಟ್ನಿಗೆ ಹಿಡಿ ಪುದೀನ, ಆಗಾಗ ಮೆಂತೆ, ಹರಿವೆ – ಇಷ್ಟಕ್ಕೆ ಆಸರೆಯಾಗುತ್ತದೆ. ಯಾವ ನೀರಿನಲ್ಲಿ ಬೆಳೆದದ್ದೆಂಬ ಸಂಶಯವೂ ಇರುವುದಿಲ್ಲ.

ಬರಿ ಮಣ್ಣು ಏಕೆ ಸಾಲದು?

ಹೊಲದ ಮಣ್ಣಿಗೆ ಆಳವಿದೆ, ಎರೆಹುಳುಗಳಿವೆ. ಹೆಚ್ಚಾದ ನೀರು ಕೆಳಗೆ ಇಳಿಯುತ್ತದೆ. ಅದೇ ಮಣ್ಣನ್ನು ಕ್ರೇಟಿಗೆ ತುಂಬಿ ದಿನವೂ ನೀರು ಹಾಕಿದರೆ ಸ್ವಲ್ಪ ದಿನದಲ್ಲೇ ಗಟ್ಟಿಯಾಗಿ ಕೂರುತ್ತದೆ. ಬೇರಿಗೆ ಗಾಳಿ ಸಿಗದೆ ಗಿಡ ಕೊಳೆಯುತ್ತದೆ. ಊರಿನಲ್ಲಿ ನಮ್ಮ ಹಿರಿಯರು ಸುಡುಮಣ್ಣು, ಹಟ್ಟಿಗೊಬ್ಬರ ಬೆರೆಸಿ ತರಕಾರಿ ಸಾಲನ್ನು ಹಗುರ ಮಾಡುತ್ತಿದ್ದರು. ಪೇಟೆಯಲ್ಲಿ ಮಣ್ಣು ಸುಡುವಂತಿಲ್ಲ. ಆ ಕೆಲಸವನ್ನು ತೆಂಗಿನ ನಾರಿನ ಹುಡಿ, ಅಂದರೆ ಕೋಕೋಪೀಟ್ ಮಾಡುತ್ತದೆ.

ಮಿಶ್ರಣದ ಲೆಕ್ಕ

ಮಣ್ಣು ಒಂದು ಪಾಲು, ಕೋಕೋಪೀಟ್ ಒಂದು ಪಾಲು, ಕಳಿತ ಗೊಬ್ಬರ ಒಂದು ಪಾಲು. ಕ್ರೇಟಿಗೆ ಒಂದು ಹಿಡಿ ಬೇವಿನ ಹಿಂಡಿ. ಎರಡು ಅಡಿ ಉದ್ದ, ಒಂದೂಕಾಲು ಅಡಿ ಅಗಲದ ಕ್ರೇಟಿನಲ್ಲಿ 6 ಅಂಗುಲ ತುಂಬಲು ಸುಮಾರು 35 ಲೀಟರ್ ಮಿಶ್ರಣ ಬೇಕು. 5 ಕಿಲೋದ ಕೋಕೋಪೀಟ್ ಇಟ್ಟಿಗೆ ನೆನೆದರೆ 60ರಿಂದ 70 ಲೀಟರ್ ಆಗುತ್ತದೆ. ಐದಾರು ಕ್ರೇಟಿಗೆ ಸಾಕು. ಅದರಲ್ಲಿ ಉಪ್ಪಿನಂಶ ಇರಬಹುದಾದುದರಿಂದ ಎರಡು ಮೂರು ಬಾರಿ ನೀರಿನಲ್ಲಿ ತೊಳೆದು ಹಿಂಡಿಯೇ ಬಳಸಿ. ಕಟ್ಟಡ ಕೆಲಸದ ಜಾಗದ ಮಣ್ಣು ಬೇಡ. ಅದರಲ್ಲಿ ಸಿಮೆಂಟ್, ಸುಣ್ಣ ಬೆರೆತಿರುತ್ತದೆ.

ಅಡುಗೆಮನೆಯಿಂದ ಗೊಬ್ಬರ

2016ರ ಘನತ್ಯಾಜ್ಯ ನಿಯಮಗಳು ಬಂದ ಮೇಲೆ ಹಸಿ ಕಸ, ಒಣ ಕಸ ಬೇರ್ಪಡಿಸುವುದು ಹೇಗೂ ಕಡ್ಡಾಯ. ಹಸಿ ಕಸದಲ್ಲೂ ಇನ್ನೊಂದು ವಿಂಗಡಣೆ ಬೇಕು: ಬೇಯಿಸದ್ದು ಮಾತ್ರ ಗೊಬ್ಬರದ ಡ್ರಮ್ಮಿಗೆ. ಉಳಿದ ಅನ್ನ, ಸಾಂಬಾರು, ಎಣ್ಣೆ ಪದಾರ್ಥ ಹಾಕಿದರೆ ಇಲಿ, ದುರ್ವಾಸನೆ ಎರಡೂ ಬರುತ್ತವೆ. ಅದರ ಉಪ್ಪು ಮಣ್ಣಿನಲ್ಲಿ ಉಳಿದು ಬೇರು ನೀರು ಹೀರದಂತೆ ಮಾಡುತ್ತದೆ.

ಡ್ರಮ್ಮಿನ ಸುತ್ತ, ತಳದಲ್ಲಿ ತೂತು ಕೊರೆದು, ಒಂದು ಬುಟ್ಟಿ ಸಿಪ್ಪೆಗೆ ಒಂದು ಬುಟ್ಟಿ ಒಣ ಎಲೆ, ಹರಿದ ರಟ್ಟು ಅಥವಾ ತೆಂಗಿನ ನಾರು ಪದರವಾಗಿ ಹಾಕಿ. ಕಾಫಿ ಚರಟ ಒಳ್ಳೆಯದು, ಆದರೆ ಒಟ್ಟು ರಾಶಿಯ ಐದನೆಯ ಒಂದು ಪಾಲು ಮೀರಬಾರದು. ಹಾಲು, ಸಕ್ಕರೆ ಸೇರಿದ ಚಾ ಚರಟವನ್ನು ತೊಳೆದು ಹಾಕದಿದ್ದರೆ ಇರುವೆ, ನೊಣ ಮುತ್ತುತ್ತವೆ. ವಾರಕ್ಕೊಮ್ಮೆ ಮಗುಚಿದರೆ ಎರಡು ತಿಂಗಳ ಹೊತ್ತಿಗೆ ರಾಶಿ ಕುಗ್ಗಿ, ಕಪ್ಪಾಗಿ, ಮೊದಲ ಮಳೆಯ ಮಣ್ಣಿನ ವಾಸನೆ ಬರುತ್ತದೆ. ಸಂಶಯವಿದ್ದರೆ ಒಂದು ಹಿಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೂರು ದಿನ ಇಡಿ. ತೆರೆದಾಗ ಕೆಟ್ಟ ವಾಸನೆ ಬಂದರೆ ಇನ್ನೂ ಕಳಿತಿಲ್ಲ. ಅರೆಬರೆ ಕಳಿತ ಗೊಬ್ಬರ ಎಳೆಯ ಬೇರನ್ನು ಸುಡುತ್ತದೆ, ತಿನ್ನುವ ಸೊಪ್ಪಿಗೆ ರೋಗಾಣುಗಳನ್ನೂ ತರಬಹುದು. ಹಸಿ ಸೆಗಣಿಗೂ ಇದೇ ಮಾತು.

ಎರಡು ಪರೀಕ್ಷೆ

ಒದ್ದೆ ಮಿಶ್ರಣವನ್ನು ಮುಷ್ಟಿಯಲ್ಲಿ ಒತ್ತಿ. ಉಂಡೆಯಾಗಬೇಕು, ಬೆರಳು ತಾಗಿದರೆ ಪುಡಿಯಾಗಬೇಕು. ಉಂಡೆ ಒಡೆಯದಿದ್ದರೆ ಕೋಕೋಪೀಟ್ ಸೇರಿಸಿ. ಕ್ರೇಟಿಗೆ ಒಂದು ಚೆಂಬು ನೀರು ಹೊಯ್ದರೆ ಮೇಲೆ ಕೆರೆಯಂತೆ ನಿಲ್ಲದೆ ಬೇಗನೆ ಇಂಗಬೇಕು. ಇದು ಎರಡನೆಯ ಪರೀಕ್ಷೆ.

ಬಿತ್ತನೆ, ಬೆಳಕು

ಕ್ರೇಟುಗಳನ್ನು ಅಡುಗೆಮನೆಯೊಳಗೆ ಇಡಬೇಡಿ. ಆಹಾರ ತಯಾರಿಸುವಲ್ಲಿ ಮಣ್ಣು ಇರಬಾರದು. ನಾಲ್ಕೈದು ಗಂಟೆ ಬಿಸಿಲು ಬೀಳುವ ಕಿಟಕಿಯೇ ಸರಿ. ಬಿಸಿಲಿಲ್ಲದಿದ್ದರೆ ಗಿಡದಿಂದ ಸುಮಾರು ಒಂದು ಅಡಿ ಮೇಲೆ ಬಿಳಿ ಎಲ್‌ಇಡಿ ಟ್ಯೂಬ್ ಹಾಕಿ ದಿನಕ್ಕೆ 12 ಗಂಟೆ ಉರಿಸಬೇಕು. ಆ ಕರೆಂಟ್ ಬಿಲ್ಲನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮೆಂತೆ ಮೂರ್ನಾಲ್ಕು ವಾರದಲ್ಲಿ ಕೊಯ್ಲಿಗೆ ಬರುತ್ತದೆ, ಹರಿವೆ ಸುಮಾರು ಒಂದು ತಿಂಗಳಲ್ಲಿ. ಕೊತ್ತಂಬರಿ ಬೀಜವನ್ನು ಎರಡು ಹೋಳು ಮಾಡಿ ರಾತ್ರಿ ನೆನೆಸಿ ಬಿತ್ತಿ. ಅದಕ್ಕೆ 40 ದಿನ ಬೇಕು. ಪುದೀನಕ್ಕೆ ಬೀಜವೇ ಬೇಡ, ಎಲೆ ಬಿಡಿಸಿದ ಮೇಲೆ ಉಳಿಯುವ ಹಸಿ ದಂಟನ್ನು ಊರಿದರೆ ಚಿಗುರುತ್ತದೆ. ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು ಹಾಕಿ. ಸದಾ ಒದ್ದೆಯಿದ್ದರೆ ಸಣ್ಣ ಕಪ್ಪು ನೊಣಗಳು ಹುಟ್ಟುತ್ತವೆ, ಗಿರಾಕಿಗಳ ಕಣ್ಣಿಗೆ ಅವೇ ಮೊದಲು ಬೀಳುತ್ತವೆ.

ಕೊಯ್ಲು ಮುಗಿದ ಮೇಲೆ ಮಣ್ಣು ಎಸೆಯಬೇಡಿ. ಬೇರು ತೆಗೆದು, ಎರಡು ದಿನ ಬಿಸಿಲಿಗೆ ಹರಡಿ, ನಾಲ್ಕನೆಯ ಒಂದು ಪಾಲು ಹೊಸ ಗೊಬ್ಬರ ಸೇರಿಸಿದರೆ ಮತ್ತೆ ಬಿತ್ತಬಹುದು.

ಸದಸ್ಯ ಬಾಂಧವರು ಮೊದಲು ಒಂದು ಡ್ರಮ್, ಎರಡು ಕ್ರೇಟಿನಿಂದ ಆರಂಭಿಸಲಿ. ನೀರು, ಮಗುಚುವಿಕೆಯ ಹೊಣೆಯನ್ನು ಒಬ್ಬನೇ ಕೆಲಸಗಾರನಿಗೆ ವಹಿಸಿ. ಎಲ್ಲರ ಕೆಲಸವೆಂದು ಬಿಟ್ಟರೆ ಯಾರೂ ನೀರು ಹಾಕುವುದಿಲ್ಲ. ಮಾರ್ಚ್‌ನಲ್ಲಿ ಡ್ರಮ್ ಇಟ್ಟರೆ ಮೇ ಕೊನೆಗೆ ಗೊಬ್ಬರ ಸಿದ್ಧ, ಜುಲೈಯಲ್ಲಿ ಕೊತ್ತಂಬರಿಯ ದರ ಏರುವ ಹೊತ್ತಿಗೆ ನಿಮ್ಮ ಕಿಟಕಿಯಲ್ಲಿ ಸೊಪ್ಪು.